ಗಂಗಾಶ್ರೀ ಬರೆದ ಕಾಗದ

ಶಿಕಾರಿಪುರದ ಕಿರಾಣಿ ಅಂಗಡಿ ಮಹೇಶ್ವರಪ್ಪನವರ ಮಗಳು ಗಂಗಾಶ್ರೀಗೆ ಚಿಕ್ಕಂದಿನಿಂದಲೂ ಒಂದು ರೋಗ: ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರಳು. ಓದಿ ಓದಿ ಬೆಂಗಳೂರಿನ ಒಂದು ಪ್ರಯೋಗಾಲಯ ಸೇರಿದಳು. ಬಲಿತ ಇಲಿಯ ಮಿದುಳಿನಿಂದ, ಹೊಸ ಕೋಶಗಳನ್ನು ಹೆರುವ ಕಾಂಡಕೋಶಗಳನ್ನು ಬೇರ್ಪಡಿಸುವುದು, ಅವುಗಳಲ್ಲಿ ಯಾವ ಜೀನು ಎದ್ದಿದೆ, ಯಾವುದು ಮಲಗಿದೆ ಎಂದು ಪತ್ತೆ ಮಾಡುವುದು ಅವಳ ಕೆಲಸ. ಬಲಿತ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದಿಲ್ಲವೆಂದೇ ಬಹುಕಾಲ ಎಲ್ಲರೂ ನಂಬಿದ್ದರು. 1998ರಲ್ಲಿ ಅವು ತನ್ನ ಪ್ರಯೋಗದ ತಟ್ಟೆಯಲ್ಲೇ ಹುಟ್ಟಿದ್ದನ್ನು ಕಂಡ ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವತ್ತೇ ಅವ್ವನಿಗೆ ಬರೆದಳು: ಮಿದುಳಿನಲ್ಲೂ ಭತ್ತದ ಸಸಿಮಡಿಯಂಥದ್ದಿದೆ, ಒಂದಲ್ಲ ಒಂದು ದಿನ ಲಕ್ವಕ್ಕೂ ಮದ್ದಾದೀತು.

ಅಪ್ಪನಿಗೆ ಲಕ್ವ ಹೊಡೆದು ಆಗ ಎರಡು ತಿಂಗಳು. ಎಡಗೈ ಬಿದ್ದುಹೋಗಿತ್ತು. ಲಿಂಗವಂತರಿಗೆ ಎಡಗೈ ಬರೀ ಕೈಯಲ್ಲ. ಇಷ್ಟಲಿಂಗವನ್ನು ಆ ಅಂಗೈಯಲ್ಲಿಟ್ಟು ಪೂಜಿಸದೆ ಮಹೇಶ್ವರಪ್ಪನವರು ತೊಟ್ಟು ನೀರು ಮುಟ್ಟಿದವರಲ್ಲ. ಅಂಗೈ ಬಿಚ್ಚಿದರೆ ಸಾಕಿತ್ತು. ಅದಕ್ಕೆಂದೇ ಸೊರಬದಿಂದ ನಿವೃತ್ತ ಕಾಂಪೌಂಡರ್ ರಂಗಪ್ಪ ದಿನ ಬಿಟ್ಟು ದಿನ ಬಸ್ಸಿಗೆ ಬಂದು, ಬೆರಳು ಬಿಡಿಸಿ ವ್ಯಾಯಾಮ ಮಾಡಿಸುತ್ತಿದ್ದರು.

ಕಾಗದ ಬರೆದು ಆರು ತಿಂಗಳಾದ ಮೇಲೆ ಗಂಗಾಶ್ರೀ ಊರಿಗೆ ಬಂದಾಗ ಅಪ್ಪ ಪೂಜೆಗೆ ಕೂತಿದ್ದರು. ಲಿಂಗ ತಟ್ಟೆಯಲ್ಲಿತ್ತು. ಎಡಗೈ ಮುಷ್ಟಿ ಬಿಗಿದಿತ್ತು.

“ರಂಗಪ್ಪಣ್ಣ ಬರಲ್ವೇನವ್ವ?”

“ನಾನೇ ಬ್ಯಾಡ ಅಂದೆ,” ಎಂದಳು ಅವ್ವ ಬಸವಣ್ಣೆಮ್ಮ. “ಬೆರಳು ಬಿಡಿಸ್ದಾಗ ನಿಮ್ಮಪ್ಪಾರು ಎಳೆಕೂಸಿನಂಗೆ ಅಳ್ತಿದ್ರು. ಹೆಂಗೂ ನೀ ಹೊಸ ಸಸಿ ತರ್ತೀಯಲ್ಲ, ಅಲ್ಲಿಗಂಟ ಯಾಕೆ ನೋಯ್ಸದು? ಯಾವಾಗ ಹಾಕ್ತೀಯೆ?”

ಗಂಗಾಶ್ರೀಗೆ ಗೊತ್ತಿತ್ತು: ಲಕ್ವ ಹೊಡೆದ ಮೇಲೆ ವ್ಯಾಯಾಮಕ್ಕೆ ಮೊದಲ ತಿಂಗಳುಗಳೇ ಮುಖ್ಯ, ಅವು ಹೋದರೆ ಹೋದವೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವಳು ಅವ್ವನಲ್ಲ, ತಾನು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಅದು ಇಲಿದವ್ವ. ಮನುಷ್ಯರಿಗೆ ಹಾಕಕ್ಕೆ ಇನ್ನೂ ಯಾರಿಗೂ ಬರಲ್ಲ. ಯಾವಾಗ ಬರುತ್ತೋ, ಅದೂ ಗೊತ್ತಿಲ್ಲ.”

ಬಸವಣ್ಣೆಮ್ಮ ಮಗಳನ್ನೇ ನೋಡಿದಳು. “ಅದನ್ನೂ ಬರೀಬಾರ್ದಿತ್ತೇನೆ?”

ಎಲ್ಲ ಕೇಳಿಸಿಕೊಂಡಿದ್ದ ಅಪ್ಪ ಬಲಗೈಯಿಂದ ಎಡಮುಷ್ಟಿಯನ್ನೆತ್ತಿ ಮಗಳ ತೊಡೆಯ ಮೇಲಿಟ್ಟರು.

“ಬಿಡ್ಸು,” ಎಂದರು, ತೊದಲುತ್ತ.

ಅವಳು ಕಿರುಬೆರಳಿಗೆ ಕೈ ಹಚ್ಚಿದಳು. ಅಪ್ಪ ಚೀರಿದರು. ಬಸವಣ್ಣೆಮ್ಮ ಗಂಡನ ತಲೆಯನ್ನು ಎದೆಗೊತ್ತಿಕೊಂಡು, “ನಿಲ್ಲಿಸ್ಬ್ಯಾಡ,” ಎಂದಳು. ಗಂಗಾಶ್ರೀ ನಿಲ್ಲಿಸಲಿಲ್ಲ. ಬೆರಳು ಅವತ್ತು ಕದಲಲೇ ಇಲ್ಲ.