ಕರಿ ಅಂಗಿಯ ಒಡತಿ

ಕರಿ ಟೀ ಶರ್ಟನ್ನು ಒಳಮೈ ಹೊರಗೆ ಮಾಡಿಯೇ ಒಣಹಾಕಬೇಕು. ಇಲ್ಲದಿದ್ದರೆ ಚೆನ್ನೈನ ಬಿಸಿಲು ಅದರ ಮೇಲಿನ ಚಿತ್ರವನ್ನು ಎರಡೇ ತಿಂಗಳಲ್ಲಿ ತಿಂದುಹಾಕುತ್ತದೆ. ಅಣ್ಣಾ ನಗರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಅತ್ತೆಯ ಸೀರೆಗೂ ಮಗನ ಯೂನಿಫಾರ್ಮಿಗೂ ನಡುವೆ ಅಂಥದೊಂದು ಅಂಗಿಯನ್ನು ತಿರುವಿ ಹಾಕುವಾಗಲೆಲ್ಲ ನಾನು ಈ ವಸ್ತ್ರಸಂರಕ್ಷಣಾ ಶಾಸ್ತ್ರವನ್ನು ನನಗೆ ನಾನೇ ಬೋಧಿಸಿಕೊಳ್ಳುತ್ತಿದ್ದೆ. ನಿಮ್ಮಲ್ಲಿ ಮುಚ್ಚುಮರೆಯೇಕೆ, ನಿಜವಾದ ಕಾರಣ ಬೇರೆ. ಆ ಅಂಗಿಯ ಮೇಲೆ ತಲೆಬುರುಡೆಗಳ ರಾಶಿಯೇರಿ ನಿಂತ ವೀರನೊಬ್ಬ, ಹೊಗೆಯಿಂದ ಮೂಡಿದ ಮಾಂತ್ರಿಕನತ್ತ ಎರಡೂ ಕೈಯಿಂದ ಖಡ್ಗ ಎತ್ತಿದ್ದಾನೆ. ಅಂಗಿ ನನ್ನದು. ನನಗೆ ಐವತ್ತು ವರ್ಷ.

ಹೆವಿ ಮೆಟಲ್ ಸಂಗೀತದ ಹುಚ್ಚು ಹಿಡಿದದ್ದೂ, ಕತ್ತಿವೀರರು ಮಂತ್ರವಾದಿಗಳೊಡನೆ ಸೆಣಸುವ ಕಥೆಗಳ ಚಟ ಅಂಟಿದ್ದೂ ಕಾಲೇಜಿನ ಒಂದೇ ವರ್ಷದಲ್ಲಿ. ಅವೆರಡೂ ಒಡಹುಟ್ಟಿದವು ಎಂಬುದು ಅಂದಿನಿಂದ ನನ್ನ ಅಚಲ ಸಿದ್ಧಾಂತ. ಗಿಟಾರ್ ಹಿಡಿದವನು ಕಾಲಗಲಿಸಿ ನಿಲ್ಲುವ ಭಂಗಿ ಖಡ್ಗಧಾರಿಯದೇ, ಡ್ರಮ್ಮಿನ ಜೋಡಿ ಪೆಟ್ಟು ಓಡುವ ಕುದುರೆಯದೇ. ಎರಡನ್ನೂ ಕಂಡು ಸಭ್ಯರು ಮೂಗು ಮುರಿಯುತ್ತಾರೆ. ಆ ಕಥೆಗಳ ವೀರ ಲೋಕೋದ್ಧಾರಕ್ಕೆ ಹೊರಟವನಲ್ಲ, ಎದುರಿಗಿರುವ ಇವತ್ತಿನ ರಾಕ್ಷಸ ಸತ್ತರೆ ಅವನಿಗೆ ಸಾಕು. ಮಾಂತ್ರಿಕನಾದರೋ ಎಂದೂ ದನಿಯೆತ್ತದೆ, ನಯವಾಗಿ ಮಾತಾಡಿಯೇ ಎದುರಿನವರನ್ನು ಮಂಕು ಮಾಡುವವನು. ಪೆರುಂಗುಡಿಯ ಕಚೇರಿಯಲ್ಲಿ ಕೂತು, ಸಿಟ್ಟಾದ ಗ್ರಾಹಕರಿಗೆ ದಿನವಿಡೀ ಬೆಣ್ಣೆಯಂಥ ಉತ್ತರ ಬರೆಯುವ ನಾನು ಇವರಿಬ್ಬರಲ್ಲಿ ಯಾರ ಕುಲದವಳೆಂದು ನೀವೇ ಊಹಿಸಿ! ಸಂಜೆ ಬಸ್ಸಿನಲ್ಲಿ ಆ ಘೋರ ಗರ್ಜನೆಯನ್ನು ಕಿವಿಗೆ ಸುರಿದುಕೊಂಡು ನಾಲ್ಕು ಪುಟ ಓದಿದ ಮೇಲಷ್ಟೇ ನಾನು ಮತ್ತೆ ಮನುಷ್ಯಳಾಗುವುದು.

ಒಂದು ದಿನ ಅವಸರದಲ್ಲಿ ಅಂಗಿಯನ್ನು ತಿರುವಿ ಹಾಕುವುದು ಮರೆತುಹೋಯಿತು. ಅದನ್ನು ಕಂಡ ಮೇಲಿನ ಮನೆಯ ನಿವೃತ್ತ ಟೀಚರಮ್ಮ ಅಂಗಿ ಮಗನದೆಂದುಕೊಂಡು, ಲಿಫ್ಟಿನಲ್ಲಿ ನನ್ನ ಕೈ ಹಿಡಿದು, "ಪೈಯನೈ ಕೊಂಜಂ ಪಾತ್ತುಕ್ಕೋಂಗಮ್ಮಾ," ಎಂದರು. ಹುಡುಗನ ಮೇಲೆ ಒಂದು ಕಣ್ಣಿಡಿ ಎಂಬ ಆ ಕಳಕಳಿಗೆ ನಾನು ತಲೆಯಾಡಿಸಿಬಿಟ್ಟೆ. ನನ್ನ ಮಗ ನಂದೀಶನೋ, ಮೃದು ಮಧುರ ಗೀತೆಗಳಲ್ಲದೆ ಬೇರೇನೂ ಕೇಳದವನು, ಮಿಕ್ಸಿ ಹಾಕಿದರೆ ಅಡುಗೆಮನೆಯಿಂದ ಎದ್ದು ಹೋಗುವವನು. ಅವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಟೀಚರಮ್ಮ ಅರ್ಧ ಗಂಟೆ ಬುದ್ಧಿ ಹೇಳಿದರು. ಸುದ್ದಿ ತಿಳಿದ ಅತ್ತೆ ಅವನ ತೋಳಿಗೆ ತಾಯಿತ ಕಟ್ಟಿದರು. ನಾನು ಆಗಲೂ ಬಾಯಿ ಬಿಡಲಿಲ್ಲ.

ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರಿಸುವ ಮಗ ಆ ದಿನ ತಾನಾಗಿಯೇ ಕೇಳಿದ: "ಅಮ್ಮಾ, ಉನ್ ಶರ್ಟುಕ್ಕು ನಾನ್ ಏನ್ ತಿಟ್ಟು ವಾಂಗಣುಂ?"

ನನ್ನ ಅಂಗಿಗೆ ಅವನೇಕೆ ಬೈಸಿಕೊಳ್ಳಬೇಕು? ನನಗೆ ನಿಜಕ್ಕೂ ನಾಚಿಕೆಯಾಯಿತು. ಮೂವತ್ತು ವರ್ಷ ಓದಿದ ಅಷ್ಟೂ ಕಥೆಗಳಲ್ಲಿ ಯಾವ ವೀರನೂ ಮಗನ ಬೆನ್ನ ಹಿಂದೆ ಅಡಗಿ ಕೂತದ್ದಿಲ್ಲ.

ಭಾನುವಾರ ಬೆಳಿಗ್ಗೆ ಆ ಅಂಗಿಯನ್ನೇ ತೊಟ್ಟು, ಲಿಫ್ಟ್ ಬಿಟ್ಟು, ಮೆಟ್ಟಿಲು ಹತ್ತಿಯೇ ಹೋದೆ. ಬಾಗಿಲು ತೆರೆದ ಟೀಚರಮ್ಮನಿಗೆ ನನ್ನ ಹರಕುಮುರುಕು ತಮಿಳಿನಲ್ಲಿ, "ಮೇಡಂ, ಇದು ಎನ್ನೋಡ ಶರ್ಟ್," ಎಂದು ಅಂಗಿ ನನ್ನದೇ ಎಂದು ಸಾರಿದೆ. ಅವರು ವೀರನನ್ನೂ ಬುರುಡೆಗಳನ್ನೂ ನನ್ನ ನರೆಗೂದಲನ್ನೂ ಸಾವಕಾಶವಾಗಿ ಪರೀಕ್ಷಿಸಿ, "ಆಮಾ, ಸೈಜ್ ಕರೆಕ್ಟಾ ಇರುಕ್ಕು," ಎಂದು ಒಪ್ಪಿಕೊಂಡು ಕಾಫಿಗೆ ಕರೆದರು.

ಇಳಿದು ಬಂದು ಅತ್ತೆಯ ಮುಂದೆಯೂ ಅದನ್ನೇ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಇವನ್ಯಾರೇ, ನಮ್ಮ ವೀರಭದ್ರನ ಥರ ಕತ್ತಿ ಹಿಡ್ಕಂಡವ್ನೆ!" ಎಂದು ಬೆರಗಾದರು. ನಾನು ಗೆದ್ದೆನೆಂದುಕೊಳ್ಳುವಷ್ಟರಲ್ಲಿ ಮೊಮ್ಮಗನನ್ನು ಕರೆದು, ಅವನ ತೋಳಿನ ತಾಯಿತ ಬಿಚ್ಚಿ, ನನ್ನತ್ತ ತಿರುಗಿದರು. "ಹಂಗಾದ್ರೆ ಇದು ನಿಂಗೇ ಬೇಕು ಕಣವ್ವ. ಕೈ ನೀಡು."

ನೀಡಿದೆ. ಈಗ ಕರಿ ಅಂಗಿ ಬಾಲ್ಕನಿಯ ಮುಂದಿನ ಹಗ್ಗದಲ್ಲೇ, ಚಿತ್ರ ರಸ್ತೆಗೆ ಕಾಣುವಂತೆ ಒಣಗುತ್ತದೆ. ಖಡ್ಗದ ಬಣ್ಣ ಆಗಲೇ ಅರ್ಧ ಮಾಸಿದೆ. ಮಾಸಲಿ, ಕ್ಲಿಪ್ ಸಿಕ್ಕಿಸಲು ತೋಳೆತ್ತಿದಾಗಲೆಲ್ಲ ನನ್ನ ತೋಳಿನ ತಾಯಿತ ಆ ಖಡ್ಗಕ್ಕೆ ತಗುಲಿ ಅದನ್ನೂ ಕಾಯುತ್ತದೆ.