ಬೇಲಿಯ ಆಚೆ ಈಚೆ ಒಬ್ಬ ರಾಯಭಾರಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಣಕಟ್ಟೆಯ ಕೇರಿಯಿಂದ ಜವರಪ್ಪ ಆಗಲೇ ಹೊರಟಾಗಿದೆ. ಇಸ್ತ್ರಿ ಮಾಡಿದ ಪ್ಯಾಂಟು, ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ಟಾರ್ಚು. ನಿನ್ನೆ ಸಂಜೆ ಕೇರಿಯವರು ಹೇಳಿದ ಮಾತನ್ನು ಊರ ಗೌಡರಾದ ಕೆಂಚಪ್ಪನವರ ತೋಟದ ಮನೆಗೆ ಮುಟ್ಟಿಸಬೇಕು, ಅಲ್ಲಿಯ ಉತ್ತರ ಹೊತ್ತು ಮತ್ತೆ ಕೇರಿಗೆ ಬರಬೇಕು. ಎರಡು ತಿಂಗಳಿಂದ ಇದೇ ಕೆಲಸ. ಸಂಬಳವಿಲ್ಲ, ರಜೆಯಿಲ್ಲ. “ಪಿಂಚಣಿ ತಗೊಂಡು ತೆಪ್ಪಗೆ ಕೂರೋ ವಯಸ್ಸಲ್ಲಿ ಇವರಿಗೆ ಕಾಲು ನಿಲ್ಲಲ್ಲ ಕಣ್ರೀ” ಎಂದು ಹೆಂಡತಿ ಲಕ್ಕಮ್ಮ ಗೊಣಗುತ್ತಾರೆ.

ಕಾಲು ನಿಲ್ಲದ ಈ ಮನುಷ್ಯ ಮೊನ್ನೆ ಮೊನ್ನೆಯವರೆಗೆ ಭಾರತದ ರಾಯಭಾರಿ. ಅಪ್ಪ ಊರ ಚಾಕರಿ ಮಾಡುತ್ತಿದ್ದ ತೋಟಿ. ಮಗ ಅರಸೀಕೆರೆಯ ಹಾಸ್ಟೆಲಿನಲ್ಲಿ ಓದಿ, ದೆಹಲಿಯ ಪರೀಕ್ಷೆ ಗೆದ್ದು ವಿದೇಶಾಂಗ ಸೇವೆ ಸೇರಿದರು. ಢಾಕಾ, ನೈರೋಬಿ, ಪ್ರಾಗ್ ಎಂದು ಸುತ್ತಿದರು. ಪತ್ರಿಕೆಯಲ್ಲಿ ಫೋಟೋ ಬಂದಾಗಲೆಲ್ಲ ಇವರು ಯಾವುದೋ ಮಂತ್ರಿಯ ಬೆನ್ನ ಹಿಂದೆ, ಅರ್ಧ ಮುಖ. ಹೋದ ವರ್ಷ, ತೊಂಬತ್ತೊಂಬತ್ತರಲ್ಲಿ, ನಿವೃತ್ತರಾಗಿ ಊರಿಗೆ ಬಂದರು.

ಬಂದವರ ಕೊರಳಿಗೆ ಊರಿನ ಜಗಳ ಬಿತ್ತು. ಕೇರಿಯ ಸ್ಮಶಾನಕ್ಕೆ ದಾರಿ ಇರುವುದು ಕೆಂಚಪ್ಪನವರ ತೆಂಗಿನ ತೋಟದ ಅಂಚಿನಲ್ಲಿ. ಬೇಸಿಗೆಯಲ್ಲಿ ಹೆಣದ ಮುಂದೆ ಹುಡುಗರು ಪಟಾಕಿ ಹಚ್ಚಿದರು. ಕೆಂಚಪ್ಪನವರ ಗಬ್ಬದ ಹಸು ಬೆದರಿ ಬಾವಿಗೆ ಬಿದ್ದು ಸತ್ತಿತು. ಮರುದಿನವೇ ದಾರಿಗೆ ಬೇಲಿ. ಈಗ ಮಳೆ ಹಿಡಿದಿದೆ. ಹೆಣ ಹೊತ್ತವರು ಕೆರೆಯ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಕೊಂಡು ಹೋಗಬೇಕು. ಜವರಪ್ಪನವರ ಚಿಕ್ಕಪ್ಪ ದ್ಯಾವಯ್ಯ ಹಾಸಿಗೆ ಹಿಡಿದಿದ್ದಾರೆ. ಅವರು ಕಣ್ಣು ಮುಚ್ಚುವುದರೊಳಗೆ ಬೇಲಿ ತೆಗೆಸಬೇಕು. ಅದೊಂದೇ ಜವರಪ್ಪನವರ ತಲೆ ಕೊರೆಯುತ್ತಿದೆ, ಉಂಡ ಅನ್ನ ಮೈಗೆ ಹತ್ತುತ್ತಿಲ್ಲ.

ಕೇಸು ಹಾಕಬಹುದಿತ್ತಲ್ಲ ಎಂದರೆ, ತೀರ್ಪು ಬರುವತನಕ ಚಿಕ್ಕಪ್ಪ ಕಾಯುತ್ತಾರೆಯೇ ಎಂದು ಅವರೇ ತಿರುಗಿ ಕೇಳುತ್ತಾರೆ. ಎರಡೂ ಕಡೆಯವರನ್ನು ಎದುರುಬದುರು ಕೂರಿಸಲೂ ಅವರು ಒಪ್ಪಿಲ್ಲ. ಮಾತು ಹದಕ್ಕೆ ಬರುವ ಮುಂಚೆ ಮುಖ ನೋಡಿಸಬಾರದು ಎಂಬುದು ನೌಕರಿಯಲ್ಲಿ ಕಲಿತದ್ದು. “ಇವರು ಬೈದದ್ದು ಅವರಿಗೆ ಹೇಳಲ್ಲ, ಅವರು ಬೈದದ್ದು ಇವರಿಗೆ ಹೇಳಲ್ಲ. ಬೈಗುಳ ಎಲ್ಲಾ ದಾರೀಲಿ ರಾಗಿ ಹೊಲದಾಗೆ ಬಿಟ್ಟು ಬತ್ತೀನಿ” ಎಂದು ನಗುತ್ತಾರೆ.

ಕೆಂಚಪ್ಪ ಜಗಲಿಯ ಮೇಲೆ ಕೂತಿದ್ದಾರೆ. ಜವರಪ್ಪ ಅಂಗಳದಲ್ಲಿ ನಿಂತು ಸುದ್ದಿ ಒಪ್ಪಿಸುತ್ತಾರೆ. ಇನ್ನು ಪಟಾಕಿ ಹಚ್ಚುವುದಿಲ್ಲವೆಂದು ಹಿರಿಯರು ಮಾತು ಕೊಟ್ಟಿದ್ದಾರೆ. ಹಸು ಸತ್ತದ್ದಕ್ಕೆ ಕೇರಿಯೇ ಮರುಗಿದೆ, ಇದು ದ್ಯಾವಯ್ಯ ಹಾಸಿಗೆಯಿಂದ ಹೇಳಿ ಕಳಿಸಿದ ಮಾತು. ಅದನ್ನು ಕೇಳಿ ಕೆಂಚಪ್ಪ ತಲೆ ತಗ್ಗಿಸುತ್ತಾರೆ.

“ಗಬ್ಬದ ಹಸು ಕಣಪ್ಪ. ಇಲ್ಲೀಗಂಟ ಅದನ್ನ ಯಾರೂ ಕೇಳಿರ್ಲಿಲ್ಲ.”

ಬೇಲಿ ಇವತ್ತೇ ಕೀಳಿಸುತ್ತೇನೆ ಎಂದು ಅವರು ಆಳನ್ನು ಕೂಗುತ್ತಾರೆ.

ಗೆದ್ದು ಬರುವಾಗಲೂ ಜವರಪ್ಪನವರ ನಡಿಗೆ ನಿಧಾನವಾಗುವುದಿಲ್ಲ, ಚಿಕ್ಕಪ್ಪನಿಗೆ ಹೇಳಬೇಕಲ್ಲ. ಇನ್ನಾದರೂ ನೆಮ್ಮದಿಯೇ ಎಂದು ಕೇಳಿದರೆ ಮಾತ್ರ ತೋಟದ ಮನೆಯ ಕಡೆ ತಿರುಗಿ ನೋಡುತ್ತಾರೆ. ದೇಶ ದೇಶದ ಮೇಜುಗಳಲ್ಲಿ ಕುರ್ಚಿ ಎಳೆದುಕೊಂಡು ಕೂತವರು ಈ ಎರಡು ತಿಂಗಳೂ ಆ ಅಂಗಳದಲ್ಲಿ ನಿಂತೇ ಮಾತಾಡಿದ್ದಾರೆ. ಅವರಪ್ಪ ನಿಲ್ಲುತ್ತಿದ್ದದ್ದೂ ಅಲ್ಲೇ. ಅದು ಅವರನ್ನು ಸುಡುತ್ತದೆ, ಮುಚ್ಚಿಡುವುದೂ ಇಲ್ಲ.

“ಗೌಡ್ರು ಒಂದಿನ ‘ಬನ್ನಿ, ಕೂತ್ಕಳಿ’ ಅಂದ್ರೆ ಸಾಕು. ಭಾಳ ಹೊತ್ತೇನೂ ಕೂರಲ್ಲ” ಎನ್ನುತ್ತಾರೆ. “ಒಂದ್ ಗಳಿಗೆ ಕೂತು ಎದ್ದು ಬತ್ತೀನಿ. ನನಗೂ ಕೆಲ್ಸ ಐತೆ.”