ಒಂದೇ ಮುದ್ದೆ, ಸಾರ್

ನಿನ್ನೆ ಆದ ಕೆಲಸಗಳು ಇವು: ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರು ಹಿಡಿದದ್ದು, ಹಾಲು ಕಾಯಿಸಿದ್ದು, ಹುರುಳಿಕಾಳು ಕಲ್ಲು ಆರಿಸಿ ನೆನೆಹಾಕಿದ್ದು, ಅಂಗಿಗೆ ಗುಂಡಿ ಹೊಲಿದದ್ದು, ಡಯಟಿಷಿಯನ್ನರನ್ನು ಕೇಳಬೇಕಾದ ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆದದ್ದು, ಮುದ್ದೆಯನ್ನು ತೂಕ ಹಾಕಿಸಿದ್ದು. ಕೊನೆಯ ಎರಡನ್ನು ನನ್ನ ಐವತ್ತೊಂದು ವರ್ಷದಲ್ಲಿ ಹಿಂದೆಂದೂ ಮಾಡಿದವಳಲ್ಲ.

ನಮ್ಮನೆಯವರಿಗೆ ಸಕ್ಕರೆ ಏರಿದೆ. ಮಾತ್ರೆ ನುಂಗಿದರೂ ಇಳಿಯುತ್ತಿಲ್ಲ. ಡಾಕ್ಟರು, ‘ಮೂರು ತಿಂಗಳು ಊಟ ಸರಿಮಾಡಿಕೊಂಡು ನೋಡಿ, ಆಗದಿದ್ದರೆ ಇಂಜೆಕ್ಷನ್ನೇ ಗತಿ’ ಎಂದು ಡಯಟಿಷಿಯನ್ ಹತ್ತಿರ ಹೋಗಲು ಚೀಟಿ ಬರೆದುಕೊಟ್ಟರು. ಆ ಭೇಟಿ ಇವತ್ತು ಹನ್ನೊಂದು ಗಂಟೆಗೆ. ಮಾವನವರ ಎಡಗಾಲಿನ ಎರಡು ಬೆರಳು ಹೋದದ್ದು ಇದೇ ಸಕ್ಕರೆಯಿಂದ. ಆ ಗಾಯ ತೊಳೆದು ಬಟ್ಟೆ ಕಟ್ಟಿದ ಕೈ ಇದು. ಹಾಗಾಗಿ ನನಗೆ ಇದು ಬರೀ ಪಥ್ಯದ ಮಾತಲ್ಲ. ಇವರಿಗೋ ಚಿಂತೆ ಬೇರೆ. ‘ಕರ್ಕೊಂಡೋಗು, ಬರ್ತೀನಿ. ಮಾತೆಲ್ಲ ನೀನೇ ಆಡ್ಬೇಕು. ಮುದ್ದೆ ಬಿಡಿ ಅಂತ ಆಯಮ್ಮ ಒಂದ್ ಮಾತು ಅಂದ್ರೆ ಎದ್ದು ಬಂದ್ಬಿಡ್ತೀನಿ’ ಎಂದು ಮೊದಲೇ ಷರತ್ತು ಹಾಕಿದ್ದರು.

ಪ್ರಶ್ನೆ ಬರೆಯುವುದು ಸುಲಭವೆಂದು ನಾನೂ ಅಂದುಕೊಂಡಿದ್ದೆ. ಕೂತರೆ ಬರುವುದೆಲ್ಲ ಮನೆಯ ಗುಟ್ಟುಗಳೇ. ಬಸ್ಸಾರಿಗೆ ರುಬ್ಬುವ ಕಾಯಿ ಲೆಕ್ಕಕ್ಕೆ ಬರುತ್ತದೆಯೇ? ಹಬ್ಬದ ಒಬ್ಬಟ್ಟನ್ನು ಅರ್ಧ ಮಾಡಿ ಎರಡು ಸಲ ತಿಂದರೆ? ಫ್ಯಾಕ್ಟರಿ ಕ್ಯಾಂಟೀನಿನ ನಾಲ್ಕು ಗಂಟೆಯ ಬೋಂಡಾವನ್ನು ಇವರು ಒಪ್ಪಿಕೊಳ್ಳದಿದ್ದರೆ ನಾನು ಹೇಳಬಹುದೇ? ಇವೆಲ್ಲಕ್ಕೂ ಮೊದಲು, ಒಂದನೆಯ ನಂಬರಿನಲ್ಲಿ, ದಪ್ಪಕ್ಷರದಲ್ಲಿ ಬರೆದೆ: ಊಟಕ್ಕೆ ಎಷ್ಟು ಮುದ್ದೆ?

ಇಲ್ಲೊಂದು ಹಳೆಯ ಜಂಬದ ಕಥೆ ಹೇಳಬೇಕು. ಇವರದು ಕುಣಿಗಲ್ ಕಡೆ, ನನ್ನ ತವರು ಗುಬ್ಬಿ. ಇವರ ಮನೆಯಲ್ಲಿ ಗಂಡಸು ಹೆಂಗಸು ಯಾರಾದರೂ ಸರಿ, ಹೊತ್ತಿಗೆ ಒಂದೇ ಮುದ್ದೆ. ತವರಿನಲ್ಲಿ ಎರಡು, ಅಣ್ಣನಿಗೆ ಮೂರು. ಮದುವೆಯಾದ ಹೊಸತರಲ್ಲಿ ಇವರಕ್ಕ ಪುಟ್ಟತಾಯಮ್ಮ, ‘ಗುಬ್ಬಿಯೋರು ಹೊಲ ಉಳೋದಕ್ಕಿಂತ ಮುದ್ದೆ ನುಂಗೋದ್ರಲ್ಲೇ ಹೊತ್ತು ಕಳೀತಾರೆ’ ಎಂದು ಪಂಕ್ತಿಯಲ್ಲೇ ನಗಾಡಿದ್ದರು. ಇಪ್ಪತ್ತಾರು ವರ್ಷ ನಾನು ಆ ಮಾತಿಗೆ ತಲೆ ತಗ್ಗಿಸಿಯೇ ಬಂದೆ. ಡಾಕ್ಟರು ಕೇಳಿದಾಗಲೂ ಇವರು ಎದೆ ಸೆಟೆಸಿ, ‘ಒಂದೇ ಮುದ್ದೆ, ಸಾರ್’ ಎಂದರು. ‘ಒಂದಾದರೆ ಪರವಾಗಿಲ್ಲ’ ಎಂದರು ಅವರು. ಪಕ್ಕದಲ್ಲಿ ಕೂತು ತಲೆಯಾಡಿಸಿದವಳು ನಾನೇ.

ನಿನ್ನೆ ಪ್ರಶ್ನೆ ಬರೆದ ಮೇಲೆ ಅನುಮಾನ ಶುರುವಾಯಿತು. ಹೂವಿನವಳ ಮೊಳ ಅವಳ ತೋಳಿನಷ್ಟೇ ಉದ್ದ. ಹೂವು ಕೊಳ್ಳುವಾಗ ಉದ್ದ ಕೈಯವಳನ್ನೇ ಹುಡುಕುವ ಜಾಣತನ ನಮಗೆಲ್ಲ ಇದೆ. ಹಿಂದೆ ಸೇರು, ಬಳ್ಳ ಕೂಡ ಊರಿಂದೂರಿಗೆ ಬದಲಾಗುತ್ತಿದ್ದವಂತೆ. ಹಾಗಿರುವಾಗ ಮುದ್ದೆಯೊಂದು ಮಾತ್ರ ಎಲ್ಲರ ಮನೆಯಲ್ಲೂ ಒಂದೇ ಗಾತ್ರವೆಂದು ನಾನು ನಂಬಿದ್ದು ಹೇಗೆ? ನನ್ನ ಕೈ ಚಿಕ್ಕದೇ. ಆದರೆ ಈ ಮನೆಯ ಮುದ್ದೆ ಕಟ್ಟಲು ಕಲಿಸಿದ್ದು ಅತ್ತೆ. ಅವರ ಅಂಗೈ ಮೊರದಗಲ. ಆ ಗಾತ್ರವೇ ನನ್ನ ಕೈಗೆ ರೂಢಿಯಾಗಿಬಿಟ್ಟಿತ್ತು.

ಮಧ್ಯಾಹ್ನ ಎಸರಿಟ್ಟು, ಹಿಟ್ಟು ತಿರುವಿ, ಎರಡು ಮುದ್ದೆ ಕಟ್ಟಿದೆ. ಒಂದು ಇವರ ಮನೆಯದು, ಇನ್ನೊಂದು ಅಮ್ಮ ಕಟ್ಟುತ್ತಿದ್ದ ಹಾಗೆ. ತಟ್ಟೆ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದೆ. ಅಲ್ಲಿ ಲಲಿತಮ್ಮ ಚಕ್ಕುಲಿ ನಿಪ್ಪಟ್ಟು ಮಾಡಿ ಮಾರುತ್ತಾಳೆ, ತೂಕದ ಯಂತ್ರ ಇಟ್ಟಿದ್ದಾಳೆ.

‘ಏನ್ ಶಾಂತಕ್ಕ, ಮುದ್ದೆ ವ್ಯಾಪಾರ ಶುರು ಮಾಡ್ಕೊಂಡ್ರಾ? ಪ್ಯಾಕಿಂಗ್ ನಾನ್ ಮಾಡ್ಕೊಡ್ತೀನಿ ಬುಡಿ’ ಎಂದಳು.

ಇವರ ಮನೆಯ ಮುದ್ದೆ ನಾನೂರ ಅರವತ್ತು ಗ್ರಾಂ. ತವರಿನದು ನೂರ ತೊಂಬತ್ತು.

ಲಲಿತಮ್ಮ ಯಂತ್ರ ಕೆಟ್ಟಿದೆಯೆಂದು ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಇಟ್ಟು ಪರೀಕ್ಷೆ ಮಾಡಿದಳು. ಕೆಟ್ಟಿರಲಿಲ್ಲ. ನನಗಾದ ಸಂತೋಷ ಮುಚ್ಚಿಡುವುದಿಲ್ಲ. ಗುಬ್ಬಿಯವರ ಎರಡು ಮುದ್ದೆ ಸೇರಿದರೂ ಕುಣಿಗಲ್ಲಿನ ಒಂದಕ್ಕೆ ಸಮನಿಲ್ಲ! ಅಣ್ಣನಿಗೆ ಆಗಲೇ ಫೋನ್ ಮಾಡೋಣವೆನ್ನಿಸಿತು. ಮನೆಗೆ ಬರುವಷ್ಟರಲ್ಲಿ ಆ ಗೆಲುವು ಆರಿತು. ಡಾಕ್ಟರು ಪರವಾಗಿಲ್ಲವೆಂದದ್ದು ಯಾವ ಮುದ್ದೆಗೆ?

ಸಂಜೆ ಹಿರೇಹಳ್ಳಿಯ ಫ್ಯಾಕ್ಟರಿಯಿಂದ ಬಂದ ಇವರಿಗೆ ಕಾಫಿ ಕೊಟ್ಟು ವಿಷಯ ಹೇಳಿದೆ. ಮುಖ ಕೆಂಪಾಯಿತು.

‘ನಮ್ಮನೆ ಮುದ್ದೇನ ಬೀದೀಗ್ ತಗೊಂಡೋಗಿ ತೂಗ್ಸಿದ್ಯಾ? ನಿಮ್ಮೋರ್ ಮಾನ ಉಳಿಸ್ಕೊಳ್ಳೋಕೆ ಕಣೇ ಇದೆಲ್ಲ’ ಎಂದವರೇ, ಸಾಕ್ಷಿಗೆ ಕುಣಿಗಲ್ಲಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿಟ್ಟರು, ನಾನೂ ಕೇಳಲೆಂದು.

‘ಅಕ್ಕಾ, ನಮ್ಮನೆ ಮುದ್ದೆ ದೊಡ್ಡದಾ?’

‘ಯಾರ್ಲಾ ಅಂದೋರು? ಮುದ್ದೆ ಎಷ್ಟಿರ್ಬೇಕೋ ಅಷ್ಟೈತೆ.’

‘ನಾನೂರ ಅರವತ್ತು ಗ್ರಾಂ ಅಂತೆ. ಅರ್ಧ ಕೇಜಿಗೆ ನಲವತ್ತೇ ಕಮ್ಮಿ.’

ಆ ಕಡೆಯಿಂದ ಇನ್ನೇನು ಬೈಗುಳ ಬರುತ್ತದೆಂದು ಕಾದೆ. ಬಂದದ್ದು ಬೇರೆ. ‘ಅಪ್ಪಂಗೂ ಅಷ್ಟೇ ಇಕ್ತಿದ್ದೆ ಕಣ್ಲಾ. ಡಾಕ್ಟ್ರು ಕೇಳ್ದಾಗ್ಲೆಲ್ಲ ಒಂದೇ ಒಂದು ಅಂತಿದ್ದೆ. ನನಗೇನ್ ಗೊತ್ತಿತ್ತು?’

ಇವರು ಫೋನ್ ಕೆಳಗಿಟ್ಟರು. ಗೆದ್ದ ಮಾತು ನನ್ನ ಬಾಯಲ್ಲಿತ್ತು, ನುಂಗಿಕೊಂಡೆ. ಇವರು ಕೈ ಚಾಚಿ, ‘ತತ್ತಾ ಆ ಪುಸ್ತಕ’ ಎಂದರು. ಒಂದನೆಯ ಪ್ರಶ್ನೆಯನ್ನು ಎರಡು ಸಲ ಓದಿದರು. ‘ಎಷ್ಟು ಮುದ್ದೆ’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಎಷ್ಟು ಗ್ರಾಂ’ ಎಂದು ಬರೆದರು.

‘ಇದನ್ನ ನೀನ್ ಕೇಳ್ಬೇಡ. ನಾನೇ ಹೇಳ್ತೀನಿ, ಇಷ್ಟ್ ದಿನ ಇಷ್ಟ್ ತಿಂದೆ ಅಂತ.’ ಆಮೇಲೆ ತಗ್ಗಿದ ದನಿಯಲ್ಲಿ, ‘ಬೋಂಡಾದೂ ನಾನೇ ಹೇಳ್ತೀನಿ ಬುಡು’ ಎಂದರು.

ಡಾಕ್ಟರೆದುರು ಕೆಮ್ಮನ್ನೂ ಒಪ್ಪಿಕೊಳ್ಳದ ಮನುಷ್ಯ ಇವರು. ಗುಬ್ಬಿಯ ಮಾನ ಉಳಿದ ಹೆಮ್ಮೆ ಸಂಜೆಗೇ ಸಣ್ಣದಾಗಿತ್ತು. ಇವರ ಈ ಮಾತಿನ ಹೆಮ್ಮೆ ಇನ್ನೂ ಇದೆ.

ರಾತ್ರಿ ಉಂಡದ್ದು: ನೂರ ತೊಂಬತ್ತು ಗ್ರಾಮಿನ ಮುದ್ದೆ ತಲಾ ಒಂದು, ಹುರುಳಿಕಾಳಿನ ಬಸ್ಸಾರು, ಅದರದೇ ಪಲ್ಯ, ಮಜ್ಜಿಗೆ. ಇನ್ನೊಂದು ಬೇಕೆಂದು ಇವರು ಕೇಳಲಿಲ್ಲ. ಪಲ್ಯವನ್ನು ಮಾತ್ರ ಎರಡು ಸಲ ಹಾಕಿಸಿಕೊಂಡರು. ಊಟವಾದ ಮೇಲೆ ಮಂಚದ ಮೇಲೆ ಪುಸ್ತಕ ಹಿಡಿದು ಕೂತು, ‘ನಾನೂರ ಅರವತ್ತು, ಮೇಡಂ’ ಎಂದು ಪರೀಕ್ಷೆಯ ಹುಡುಗನಂತೆ ಬಾಯಿಪಾಠ ಮಾಡುತ್ತಿದ್ದರು. ಮೊದಲು ಮಲಗಿದವಳು ನಾನು.